ಗಂಗಾವತಿ ಮನೆಗೆ ಕೀಲಿ ಹಾಕುವ ಮಾತು: ಮಗಳಿಗೊಂದು ಪತ್ರ

ಕೊಪ್ಪಳ

ಚಿ. ಸೌ. ಶೈಲಜಾಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮವಾಗಿದ್ದೇವೆ. ಚಳಿಗೆ ನಿಮ್ಮವ್ವನ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ ಎಂಬುದನ್ನು ಬಿಟ್ಟರೆ ಹೊಸ ಸಮಾಚಾರವಿಲ್ಲ. ನಿನ್ನೆ ಸಂಜೆ ನಿನ್ನ ಸೋದರಮಾವ ಬಂದಿದ್ದ. ಬರುವಾಗ ಅಂಗೈಯಗಲದ ಹಿತ್ತಾಳೆ ಕೀಲಿಯೊಂದನ್ನು ಮೂರು ಕೀಲಿಕೈಗಳ ಸಮೇತ ಕೊಂಡು ತಂದು, ಚಹಾದ ಬಟ್ಟಲಿನ ಪಕ್ಕದಲ್ಲಿಟ್ಟು, ಗವಿಮಠದ ಜಾತ್ರೆಗೆ ನಿನ್ನ ಗಂಗಾವತಿ ಮನೆಯಲ್ಲಿ ಬಂದು ಸೇರಿಕೊಂಡಿರುವ ಕುಟುಂಬದವರೆಲ್ಲ ಕೊಪ್ಪಳಕ್ಕೆ ಬರುತ್ತಾರೆ, ಆ ದಿನ ಸಾಮಾನುಗಳನ್ನು ಕಟ್ಟೆಯ ಮೇಲಿಟ್ಟು ಮನೆಗೆ ಕೀಲಿ ಜಡಿದುಬಿಡೋಣ, ಶೈಲಾ ಕೂಡ ಹೂಂ ಎಂದಿದ್ದಾಳೆ ಎಂದು ಹೇಳಿದ. ನೀನು ಹೂಂ ಎಂದದ್ದು ನಿಜವಾಗಿದ್ದರೆ ಅದನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಲು ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ವಾದಕ್ಕಿಳಿಯುತ್ತೀ. ಕಾಗದವಾದರೆ ಕೊನೆಯವರೆಗೆ ಓದುತ್ತೀ.

ಮನೆ ನಿನ್ನದೇ. ಅಜ್ಜಿ ಬರೆದಿಟ್ಟ ಮೃತ್ಯುಪತ್ರ ನೋಂದಣಿಯಾಗಿದೆ, ನಗರಸಭೆಯ ಖಾತೆ ನಿನ್ನ ಹೆಸರಿಗೆ ಬಂದಿದೆ, ಅಲ್ಲಿರುವವರೂ ಅದನ್ನು ತಮ್ಮದೆಂದು ಎಂದೂ ಹೇಳಿಲ್ಲ. ಆದರೆ ಮಾಲೀಕತ್ವ ಬೇರೆ, ಸ್ವಾಧೀನ ಬೇರೆ. ನಮ್ಮ ಕಡೆಯ ಜನ ಕಬ್ಜಾ ಎನ್ನುವುದು ಈ ಎರಡನೆಯದನ್ನು. ಕಬ್ಜಾ ಐದು ವರ್ಷದಿಂದ ಅವರ ಕೈಯಲ್ಲಿದೆ, ಮತ್ತು ಅದರಲ್ಲಿ ನನ್ನ ಪಾಲೂ ಇದೆ. ಅಜ್ಜಿ ತೀರಿಕೊಂಡ ನಾಲ್ಕು ತಿಂಗಳಿಗೆ ಮನೆ ಕರ ಕಟ್ಟಲು ಗಂಗಾವತಿಗೆ ಹೋದಾಗ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಬರುತ್ತಿತ್ತು. ರೈಸ್ ಮಿಲ್ಲಿನ ಹಮಾಲಿಯೊಬ್ಬ ಹೆಂಡತಿ ಮಕ್ಕಳೊಂದಿಗೆ ಬಂದು ಸೇರಿದ್ದ. ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಸೋರಿಕೆ ನಿಲ್ಲಿಸಿದ್ದರು. ಬೀಳುವ ಮನೆಗೆ ಯಾರಾದರೂ ಕಂಬ ಕೊಟ್ಟರಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟು, ಆ ಹೆಣ್ಣುಮಗಳು ಕೊಟ್ಟ ನೀರು ಕುಡಿದು ಬಂದೆ. ಇರಿ ಎಂದೂ ಹೇಳಲಿಲ್ಲ, ಬಿಡಿ ಎಂದೂ ಹೇಳಲಿಲ್ಲ.

ಕಾನೂನಿನ ಕಣ್ಣಿಗೆ ಆ ಮೌನ ಸಣ್ಣದಲ್ಲ. ನಿನ್ನೆ ಮೊನ್ನೆ ಗೋಡೆ ಹಾರಿ ಬಂದವನನ್ನು ಮಾಲೀಕ ಅಗತ್ಯವಿರುವಷ್ಟು ಬಲ ಬಳಸಿ ಹೊರಗೆ ಹಾಕಬಹುದು. ಆದರೆ ಸಾಕಷ್ಟು ಕಾಲದಿಂದ, ಮುಚ್ಚುಮರೆಯಿಲ್ಲದೆ, ಮಾಲೀಕನ ಅರಿವಿನಲ್ಲೇ ಒಬ್ಬನು ನೆಲೆಯೂರಿ, ಮಾಲೀಕನೂ ಅದಕ್ಕೆ ಸುಮ್ಮನಿದ್ದರೆ, ಆ ಸ್ವಾಧೀನ ನೆಲೆಗೊಂಡ ಸ್ವಾಧೀನವಾಗುತ್ತದೆ. ಅವನು ಅತಿಕ್ರಮಣಕಾರನೇ ಆಗಿದ್ದರೂ ಅವನನ್ನು ನ್ಯಾಯಾಲಯದ ಮೂಲಕವಲ್ಲದೆ ಕದಲಿಸುವಂತಿಲ್ಲ. ಇದನ್ನು ಸುಪ್ರೀಂ ಕೋರ್ಟು 2003ರ ಡಿಸೆಂಬರಿನಲ್ಲಿ, ನಮ್ಮ ಕರ್ನಾಟಕದಿಂದಲೇ ಹೋಗಿದ್ದ ರಾಮೇಗೌಡ ವಿರುದ್ಧ ಎಂ. ವರದಪ್ಪ ನಾಯ್ಡು ಪ್ರಕರಣದಲ್ಲಿ, ಹಳೆಯ ತೀರ್ಪುಗಳನ್ನೆಲ್ಲ ಒಟ್ಟಿಗೆ ತಂದು ಬಿಡಿಸಿ ಹೇಳಿದೆ. ನಾನು ಕೋರ್ಟಿನ ಕಚೇರಿಯಲ್ಲಿ ಸಿರಸ್ತೇದಾರನಾಗಿದ್ದಾಗ ತಡೆಯಾಜ್ಞೆಯ ಅರ್ಜಿಗಳಲ್ಲಿ ವಕೀಲರು ಅದನ್ನು ಎಷ್ಟು ಸಲ ಮುಂದಿಟ್ಟರೆಂದರೆ, ಸಂಪುಟದ ಆ ಪುಟಗಳ ಅಂಚು ಕಪ್ಪಾಗಿತ್ತು.

ಜಾತ್ರೆಯ ದಿನ ಮನೆಯಲ್ಲಿ ಯಾರೂ ಇರುವುದಿಲ್ಲವಲ್ಲ ಎಂಬುದು ನಿನ್ನ ಮಾವನ ದೊಡ್ಡ ಜಾಣತನ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಒಳಗಿರುವಾಗ ಒಂದು ದಿನ ತೇರು ನೋಡಲು ಹೋದವರ ಸ್ವಾಧೀನ ಎಲ್ಲಿಗೂ ಹೋಗುವುದಿಲ್ಲ. ಅವರು ತಿರುಗಿ ಬಂದು ಕೀಲಿ ನೋಡಿದ ದಿನದಿಂದ 6 ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹಾಕಬಹುದು. ಆ ದಾವೆಯ ವಿಶೇಷವೇನೆಂದರೆ, ಅಲ್ಲಿ ನೀನು ಮೃತ್ಯುಪತ್ರವನ್ನೂ ಖಾತೆಯನ್ನೂ ಎಷ್ಟು ತೋರಿಸಿದರೂ ನ್ಯಾಯಾಧೀಶರು ಅವನ್ನು ಪಕ್ಕಕ್ಕಿಟ್ಟು ಎರಡೇ ಪ್ರಶ್ನೆ ಕೇಳುತ್ತಾರೆ: ಸ್ವಾಧೀನ ಯಾರಲ್ಲಿತ್ತು, ಅದನ್ನು ಕಾನೂನಿನ ದಾರಿ ಬಿಟ್ಟು ಕಿತ್ತುಕೊಂಡದ್ದು ಹೌದೇ? ಹೌದೆಂದಾದರೆ ನೀನು ಕೀಲಿಕೈ ಕೊಟ್ಟು ಹೊರಗೆ ಬರಬೇಕು. ಆ ಆದೇಶದ ಮೇಲೆ ಮೇಲ್ಮನವಿಯೂ ಇಲ್ಲ, ಪುನರ್ವಿಮರ್ಶೆಯೂ ಇಲ್ಲ. ಆಮೇಲೆ ಹಕ್ಕಿನ ಆಧಾರದ ಮೇಲೆ ಬೇರೆ ದಾವೆ ಹೂಡಲು ನಿನಗೆ ಅಡ್ಡಿಯಿಲ್ಲ, ಆದರೆ ಇವತ್ತು ಹೂಡಬಹುದಾದ ದಾವೆಯನ್ನು ಅಂದು ಕಳಂಕದೊಂದಿಗೆ ಹೂಡಿದಂತಾಗುತ್ತದೆ.

ಪೊಲೀಸರ ಮಾತೂ ಬಂತು. ಠಾಣೆಯಲ್ಲಿ ಹೇಳಿಸಿದರೆ ಅವರು ತಾವೇ ಎದ್ದು ಹೋಗುತ್ತಾರಂತೆ! ಖಾಸಗಿ ಮನೆಯಿಂದ ಒಬ್ಬರನ್ನು ಎಬ್ಬಿಸುವ ಅಧಿಕಾರ ಠಾಣೆಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಓದು. ಅಪರಾಧಿಕ ಅತಿಕ್ರಮ ಪ್ರವೇಶವೆಂದರೆ ಇನ್ನೊಬ್ಬನ ಸ್ವಾಧೀನದಲ್ಲಿರುವ ಆಸ್ತಿಗೆ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಹೋಗುವುದು. ಅಲ್ಲಿ ಇರುವ ಶಬ್ದ ಸ್ವಾಧೀನ. ಮಾಲೀಕತ್ವ ಎಂಬ ಶಬ್ದ ಅಲ್ಲಿಲ್ಲ. ಜಾತ್ರೆಯ ದಿನ ಬಾಗಿಲು ಒಡೆದು ಒಳಗೆ ಹೋಗುವವನು ನಿನ್ನ ಮಾವ, ಆದ್ದರಿಂದ ಆ ಕಲಂ ತಿರುಗುವುದು ಅವನ ಕಡೆಗೇ. ಜಗಳವೆದ್ದು ಶಾಂತಿಭಂಗದ ಪ್ರಕರಣವಾಗಿ ತಹಶೀಲ್ದಾರರ ಮುಂದೆ ಹೋದರೂ, ಹಿಂದಿನ 2 ತಿಂಗಳೊಳಗೆ ಬಲವಂತದಿಂದ ಹೊರಗೆ ಬಿದ್ದವರನ್ನು ಅವರು ಸ್ವಾಧೀನದಲ್ಲಿ ಇದ್ದವರೆಂದೇ ಪರಿಗಣಿಸಬಹುದು.

ನಿನ್ನ ಗೆಳತಿ ಇರುವ ಇಂಗ್ಲೆಂಡಿನಲ್ಲಿ ಪೊಲೀಸರೇ ಬಂದು ಹಿಡಿದೊಯ್ಯುತ್ತಾರೆಂದು ಬರೆದಿದ್ದೀಯಲ್ಲ, ಅದು ಸುಳ್ಳಲ್ಲ. ಅಲ್ಲಿ 2012ರ ಸೆಪ್ಟೆಂಬರ್ 1ರಿಂದ ವಾಸದ ಕಟ್ಟಡವನ್ನು ಅತಿಕ್ರಮಿಸಿ ಹೊಕ್ಕು ನೆಲೆಸುವುದೇ ಅಪರಾಧವಾಗಿದೆ. ಕುತೂಹಲದ ಸಂಗತಿಯೆಂದರೆ ಅವರ 1977ರ ಕ್ರಿಮಿನಲ್ ಕಾನೂನು ಕಾಯ್ದೆಯಲ್ಲೂ ಒಳಗಿರುವವರಿಗೆ ರಕ್ಷಣೆ ಕೊಡುವುದು 6ನೇ ಕಲಮೇ, ಆದರೆ ಅದು ಒಳಗೆ ಪ್ರವೇಶವನ್ನು ವಿರೋಧಿಸುವ ಒಬ್ಬರಾದರೂ ಇದ್ದಾಗ ಮಾತ್ರ ಹಿಂಸೆಯ ಪ್ರವೇಶವನ್ನು ತಡೆಯುತ್ತದೆ. ನಮ್ಮ 6ನೇ ಕಲಂ ಮನೆಯವರು ತೇರಿಗೆ ಹೋಗಿದ್ದರೂ ಬಾಗಿಲು ಕಾಯುತ್ತದೆ. ಅಲ್ಲಿಯ ಅಳತೆಯನ್ನು ಇಲ್ಲಿಗೆ ತರಬೇಡ.

ಕರೆಂಟು ಕಡಿಸುವ ಯೋಚನೆಯನ್ನೂ ಬಿಟ್ಟುಬಿಡಿ. ಮೀಟರು ಇನ್ನೂ ಅಜ್ಜಿಯ ಹೆಸರಿನಲ್ಲಿರುವುದು ನಿಜ, ಆದರೆ 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಮಾಲೀಕನಿಗಷ್ಟೇ ಅಲ್ಲ, ಕಟ್ಟಡದ ಅನುಭವದಲ್ಲಿರುವವನಿಗೂ ವಿದ್ಯುತ್ ಕೊಡಬೇಕೆನ್ನುತ್ತದೆ. ಆ ಹೆಣ್ಣುಮಗಳು ಜೆಸ್ಕಾಂ ಬಿಲ್ಲಿನ ರಸೀದಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಂತಿಯ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದಾಳೆ. ಹೋದ ತಿಂಗಳು ನಾನು ಹೋದಾಗ ತೆಗೆದು ತೋರಿಸಿದಳು. ಒಂದು ತಿಂಗಳೂ ಬಾಕಿಯಿಲ್ಲ. ಐದು ವರ್ಷದ ಸ್ವಾಧೀನಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಕೀಲನಿಗೂ ಬೇಕಿಲ್ಲ.

ಅವರಿಗೆ ವಕೀಲರನ್ನಿಡಲು ಹಣವೆಲ್ಲಿದೆ ಎಂದು ನೀನು ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ; ಕೋರ್ಟಿನ ಆವರಣದಲ್ಲೇ ಅರ್ಜಿ ಕೊಟ್ಟರಾಯಿತು, ಇಲ್ಲವೇ 15100ಕ್ಕೆ ಫೋನ್ ಮಾಡಿದರಾಯಿತು. ಇದನ್ನು ಆ ಹೆಣ್ಣುಮಗಳಿಗೆ ಹೇಳಿಕೊಟ್ಟವನು ನಾನೇ. ಕೋರ್ಟಿನ ಆದೇಶವಿಲ್ಲದೆ ಯಾರು ಬಂದರೂ, ನಾನೇ ಬಂದರೂ, ಮನೆ ಬಿಡಬೇಕಿಲ್ಲವೆಂದೂ ಹೇಳಿ ಬಂದಿದ್ದೇನೆ. ನಿನ್ನ ಮಾವನಿಗೆ ಇದು ಗೊತ್ತಿಲ್ಲ; ಗೊತ್ತಾದರೆ ಈ ಅಪ್ಪ ಯಾರ ಕಡೆಯವನು ಎಂದು ಕೇಳುತ್ತಾನೆ. ನೀನೂ ಕೇಳುತ್ತೀಯೇನೋ.

ನನಗಾಗ ಹನ್ನೊಂದು ವರ್ಷ, 1968ನೇ ಇಸವಿ. ಗಂಗಾವತಿ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ನಿನ್ನ ಅಜ್ಜ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ, ನಾವು ಒಬ್ಬ ಸಾಹುಕಾರರ ಪಾಳುಬಿದ್ದ ಗೋದಾಮಿನ ಹಿಂದಿನ ಕೋಣೆಯಲ್ಲಿದ್ದೆವು. ಬಾಡಿಗೆಯಿರಲಿಲ್ಲ, ಕಾಗದವಿರಲಿಲ್ಲ, ಮೂರು ವರ್ಷ ಕಳೆದಿತ್ತು. ಒಂದು ದಿನ ಭತ್ತದ ಕೊಯ್ಲು ಮುಗಿಸಿ ಬಂದರೆ ಬಾಗಿಲಿಗೆ ಕೀಲಿ. ಹಾಸಿಗೆ, ಬೀಸುಕಲ್ಲು, ಅವ್ವನ ಎರಡು ಸೀರೆ ಹೊರಗಿದ್ದವು. ಮೂಲೆಯ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಮಾತ್ರ ಅವರು ಗಮನಿಸಿರಲಿಲ್ಲ. ರಾತ್ರಿಯೆಲ್ಲ ಅವ್ವ ಕಿಟಕಿಯ ಸರಳಿಗೆ ಮುಖ ಹಚ್ಚಿ ಕೋಳಿಗೆ ಜೋಳ ಎಸೆಯುತ್ತಿದ್ದಳು. ಅದು ಮೊಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮೂರನೆಯ ದಿನ ನಾವು ಅಲ್ಲಿಂದ ಹೊರಟೆವು. 6ನೇ ಕಲಂ ಅಂದೂ ಪುಸ್ತಕದಲ್ಲಿತ್ತು, 6 ತಿಂಗಳ ಅವಧಿಯೂ ಇತ್ತು. ನನಗೆ ಅದು ತಿಳಿದದ್ದು ಕೋರ್ಟಿನ ನೌಕರಿಗೆ ಸೇರಿದ ಮೇಲೆ.

ಇನ್ನು ನಿನ್ನ ಹಕ್ಕಿನ ಮಾತು. ಹನ್ನೆರಡು ವರ್ಷ ಕಳೆದರೆ ಮನೆ ಅವರದಾಗುತ್ತದೆ ಎಂದು ಓಣಿಯವರು ಹೆದರಿಸಿದ್ದಾರೆ. ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಲ್ಲಿ 12 ವರ್ಷವೆಂದಿರುವುದು ನಿಜ. ಸರ್ಕಾರದ ಜಾಗವಾದರೆ 30. ಆದರೆ ಸುಮ್ಮನೆ ದಿನ ಕಳೆದರೆ ಸಾಲದು, ಮನೆ ನಿಮ್ಮದಲ್ಲ ನಮ್ಮದು ಎಂದು ಬಹಿರಂಗವಾಗಿ, ಮಾಲೀಕನಿಗೆ ಎದುರಾಗಿ, ಎಡೆಬಿಡದೆ ಅನುಭವಿಸಬೇಕು. ಅಜ್ಜಿಯ ಹೆಸರಿನಲ್ಲೇ ಬಿಲ್ಲು ಕಟ್ಟುತ್ತಿರುವವರಿಗೆ ಅದನ್ನು ಸಾಧಿಸುವುದು ಕಷ್ಟ. ಅಲ್ಲದೆ ಆಗಿರುವುದು ಐದೇ ವರ್ಷ. ಹಾಗೆಂದು ಇನ್ನೂ ಕಾಯುವುದು ಬೇಡ.

ಅವರನ್ನು ಕಾವಲಿಗೆ ಇಟ್ಟಿದ್ದೆವೆಂದು ಹೇಳಿಬಿಡೋಣ ಎಂಬ ಇನ್ನೊಂದು ಸಲಹೆಯನ್ನೂ ನಿನ್ನ ಮಾವ ಕೊಟ್ಟ. ಕಾವಲುಗಾರನಿಗೆ ಎಷ್ಟು ವರ್ಷವಿದ್ದರೂ ಹಕ್ಕು ಹುಟ್ಟುವುದಿಲ್ಲವೆಂದು ಗೋವಾದ ಒಡಹುಟ್ಟಿದವರ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದನ್ನು ಯಾರೋ ಅವನ ಕಿವಿಗೆ ಹಾಕಿದ್ದಾರೆ. ನಾವು ಅವರನ್ನು ಕಾವಲಿಗೆ ಇಟ್ಟಿರಲಿಲ್ಲ. ನನ್ನ ಕಣ್ಣೆದುರಿಗೆ ಸಾವಿರಾರು ಜನ ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದಾರೆ, ಅವುಗಳಲ್ಲಿ ಸುಳ್ಳೆಷ್ಟಿತ್ತೆಂಬುದೂ ನನಗೆ ಗೊತ್ತು. ನನ್ನ ಮಗಳ ಸಹಿ ಅಂಥದರ ಕೆಳಗೆ ಬೀಳುವುದು ನನಗೆ ಬೇಡ.

ಮಾಡಬೇಕಾದದ್ದು ಇಷ್ಟು. ಮೊದಲು ವಕೀಲರ ಮೂಲಕ ನೋಟಿಸು ಕೊಡೋಣ. ಹಿರಿಯ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ, ಪರೀಕ್ಷೆ ಮುಗಿಯುವವರೆಗೆ ಇರಲು ಬಿಟ್ಟರೆ ಮೇ ಕೊನೆಗೆ ಖಾಲಿ ಮಾಡುತ್ತೇವೆಂದು ಅವಳ ತಂದೆ ನನ್ನೊಡನೆ ಹೇಳಿದ್ದಾನೆ. ಹಾಗಾದರೆ ಲೋಕ ಅದಾಲತ್ತಿನಲ್ಲಿ ರಾಜಿ ಬರೆಸೋಣ. ಅಲ್ಲಿಯ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ, ಮಾತಿಗೆ ತಪ್ಪಿದರೆ ಅಮಲ್ಜಾರಿ, ಅಂದರೆ ಡಿಕ್ರಿ ಜಾರಿಯ ಅರ್ಜಿ, ಹಾಕಿ ಕೋರ್ಟಿನ ಬೇಲಿಫ್ ಮೂಲಕ ಸ್ವಾಧೀನ ಪಡೆಯಬಹುದು. ಮನೆ ನಿನ್ನದೆಂದು ಅವರೇ ಅದರಲ್ಲಿ ಒಪ್ಪಿ ಸಹಿ ಮಾಡುವುದರಿಂದ 12 ವರ್ಷದ ಹೆದರಿಕೆಯೂ ಕಳೆಯುತ್ತದೆ. ರಾಜಿಯಾಗದಿದ್ದರೆ ಹಕ್ಕಿನ ಆಧಾರದ ಮೇಲೆ ಸ್ವಾಧೀನದ ದಾವೆ. ಅದು ಎಷ್ಟು ವರ್ಷ ಎಳೆಯುತ್ತದೆಂದು ನಾನು ಬಲ್ಲೆ, ಆದ್ದರಿಂದಲೇ ರಾಜಿಯ ಮೇಲೆ ನನಗೆ ಆಸೆ. ಈ ನಡುವೆ ಅವರು ಏಕಪಕ್ಷೀಯ ತಡೆಯಾಜ್ಞೆ ತರದಂತೆ ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಒಂದು ಕೇವಿಯಟ್, ಹಾಕಿಸುತ್ತೇನೆ. ಅದು 90 ದಿನ ನಡೆಯುತ್ತದೆ.

ವಕಾಲತ್ನಾಮೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿದ ಎರಡೂ ಕಡೆ ಸಹಿ ಹಾಕಿ, ಮೃತ್ಯುಪತ್ರದ ಪ್ರತಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸು. ನಿನ್ನ ಮಾವನಿಗೆ ಕೀಲಿಯ ದುಡ್ಡು 640 ರೂಪಾಯಿ ಕೊಟ್ಟು, ಅದನ್ನು ನಮ್ಮ ಹಿತ್ತಲ ಬಾಗಿಲಿಗೆ ಹಾಕಿಕೊಂಡಿದ್ದೇನೆ. ಹಳೆಯದು ತುಕ್ಕು ಹಿಡಿದಿತ್ತು.

ಇಂತಿ ನಿನ್ನ
ಅಪ್ಪ