ಕೆಜಿಎಫ್ ಸ್ಮಶಾನಕ್ಕೆ ಬರುವ ಮುಂಚೆ

ಪುಟ್ಟಿ,

ರಜೆಯಲ್ಲಿ ಸ್ನೇಹಿತರ ಜೊತೆ ಕೆಜಿಎಫ್‌ಗೆ ಬಂದು, ಬ್ರಿಟಿಷರ ಸ್ಮಶಾನದ ಕಲ್ಲುಗಳ ಮೇಲಿರುವ ಹೆಸರನ್ನೆಲ್ಲ ಬರೆದುಕೊಳ್ಳುತ್ತೇವೆ ಅಂದೆಯಲ್ಲ, ತುಂಬಾ ಖುಷಿಯಾಯಿತು. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಪತ್ರ.

ಅಲ್ಲಿರುವವರೆಲ್ಲ ದೊಡ್ಡ ದೊರೆಗಳು ಅಂದುಕೊಂಡು ಬರಬೇಡ. 1880ರಲ್ಲಿ ಚಿನ್ನದ ಗಣಿ ನಡೆಸೋಕೆ ಜಾನ್ ಟೇಲರ್ ಅನ್ನೋ ಬ್ರಿಟಿಷ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅವರ ಊರಿನಲ್ಲಿ ತಾಮ್ರದ ಗಣಿ, ತವರದ ಗಣಿ ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಹೊಟ್ಟೆಪಾಡಿಗೆ ಸಮುದ್ರ ದಾಟಿದವರು. ಇಲ್ಲಿ ಬಂಗಲೆ, ಕ್ಲಬ್ಬು, ಆಳುಕಾಳು ಎಲ್ಲ ಸಿಕ್ಕಿತು, ಇಲ್ಲ ಅನ್ನಲ್ಲ. ಆದರೆ ಹೆಸರಿನ ಜೊತೆ ವಯಸ್ಸನ್ನೂ ತಪ್ಪದೆ ಬರೆದುಕೊ. ಎಳೆ ಮಕ್ಕಳ ಗೋರಿಗಳ ಹತ್ತಿರ ನನಗೆ ಈಗಲೂ ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ.

ಕೆಲವು ಕಲ್ಲುಗಳಲ್ಲಿ ಅಕ್ಷರಗಳನ್ನು ಸೀಸದಲ್ಲಿ ಕೂರಿಸಿದ್ದರು. ಸೀಸ ಕಿತ್ತುಹೋಗಿ, ಅದನ್ನು ಹಿಡಿದಿದ್ದ ಸಣ್ಣ ಸಣ್ಣ ತೂತು ಮಾತ್ರ ಉಳಿದಿರುತ್ತೆ. ಬೆರಳು ಆಡಿಸಿದರೆ ಅಕ್ಷರ ಸಿಗುತ್ತೆ. ಸವೆದ ಕಲ್ಲಿಗೆ ಸೀಮೆಸುಣ್ಣ ಬಳಿಯಬೇಡಿ, ತಂತಿ ಬ್ರಷ್ಷು, ಆಸಿಡ್ ಅಂತೂ ಬೇಡವೇ ಬೇಡ. ಒಂದು ಕನ್ನಡಿ ತಂದು, ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಬಿಡಿ. ಕಾಣದ ಗೆರೆಗಳೂ ಎದ್ದು ಕಾಣುತ್ತವೆ.

ಇನ್ನೊಂದು ವಿಷಯ. ಇದನ್ನು ಹೇಳೋಕೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಆ ಕಾಂಪೌಂಡಿನೊಳಗೆ ಕೆಲಸ ಮುಗಿಸಿ ವಾಪಸ್ ಹೋಗಿಬಿಡಬೇಡ. ಈ ಚಿನ್ನ ತೆಗೆದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಕಾರ್ಮಿಕರ ಸಾಲುಮನೆಗಳ ಲೈನುಗಳಲ್ಲಿ, ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಇದ್ದವರು. ಅವರನ್ನು ಮಣ್ಣು ಮಾಡಿದ ಕಡೆ ಕಲ್ಲು ನೆಡಿಸೋಕೆ ದುಡ್ಡೆಲ್ಲಿತ್ತು? ನಾಲ್ಕು ಮಳೆಗಾಲಕ್ಕೆ ಮಣ್ಣಿನ ಗುಡ್ಡೆ ನೆಲಕ್ಕೆ ಸಮ ಆಗಿಬಿಡುತ್ತೆ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತೆ. ಮೇಲಿನ ಭಾರ ತಡೆಯದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಅದಕ್ಕೆ ಇಲ್ಲಿಯವರು ಏರ್ ಬ್ಲಾಸ್ಟ್ ಅಂತಿದ್ದರು. ಮನೆಯಲ್ಲಿ ಪಾತ್ರೆ ಅದುರಿದರೆ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು, ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ಬ್ಲಾಸ್ಟಿನಿಂದ ಉಳಿದವರನ್ನು ಕಲ್ಲಿನ ಧೂಳು ಬಿಡಲಿಲ್ಲ. 1940ರ ದಶಕದಲ್ಲಿ ಕಾರ್ಮಿಕರ ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್, ಅಂದರೆ ಆ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇತ್ತು. ನಿನ್ನ ತಾತನ ಕೆಮ್ಮೂ ಅದೇ. ಕೊನೆಗೆ ಬಾವಿಯಿಂದ ಒಂದು ಬಿಂದಿಗೆ ನೀರು ತರೋಕೂ ಏದುಸಿರು ಬರುತ್ತಿತ್ತು ಅವರಿಗೆ.

ಬ್ರಿಟಿಷರ ಕಲ್ಲುಗಳನ್ನು ಉಳಿಸೋದು ಬೇಡ ಅಂತ ನಾನು ಹೇಳುತ್ತಿಲ್ಲ ಕಣೇ. ಉಳಿಯಲೇಬೇಕು. ಆದರೆ ಕಲ್ಲು ಇದ್ದವರ ಹೆಸರು ಮಾತ್ರ ಪುಸ್ತಕಕ್ಕೆ ಹೋದರೆ ಈ ಊರಿಗೆ ಅನ್ಯಾಯ ಆಗುತ್ತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಳಗಿಳಿದು ಕೆಲಸ ಮಾಡಿದವರಲ್ಲಿ ಈಗ ಉಳಿದಿರುವವರೆಲ್ಲ ವಯಸ್ಸಾದವರು. ಯಾರ ಜೊತೆ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ ಇಳಿದರು, ಯಾರು ವಾಪಸ್ ಬರಲಿಲ್ಲ, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಇದೆಲ್ಲ ಅವರ ಬಾಯಲ್ಲೇ ಇದೆ.

ಪಕ್ಕದ ಲೈನಿನ ಇಬ್ಬರು ಅಜ್ಜಿಯರ ಹತ್ತಿರ ಆಗಲೇ ಮಾತಾಡಿದ್ದೇನೆ. ಬೆಳಗ್ಗೆ ಸ್ಮಶಾನ ಮುಗಿಸಿ, ಊಟ ಆದಮೇಲೆ ಅವರ ಮನೆಗೆ ಹೋಗೋಣ. ಅವರಿಗೆ ತಮಿಳೇ ಸಲೀಸು. ನಿನ್ನ ಸ್ನೇಹಿತರಲ್ಲಿ ತಮಿಳು ಬರೆಯೋಕೆ ಬರುವವರು ಒಬ್ಬರಾದರೂ ಇರಲಿ. ಎಷ್ಟು ಜನ ಬರ್ತೀರಿ ಅಂತ ಮುಂಚೆಯೇ ತಿಳಿಸು.

ನಿನ್ನ
ಅಮ್ಮ