ಸಿಸ್ಟರ್ ಅವರ ಬೀಳ್ಕೊಡುಗೆ ಮತ್ತು ಓಣಿಯ ನೀರಿನ ಅರ್ಜಿ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ನಮ್ಮ ಆರೋಗ್ಯ ಉಪಕೇಂದ್ರದ ಸಿಸ್ಟರ್ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಾದ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ಎರೆಮಣ್ಣಿನ ಕೆಸರಿನಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರುತ್ತಿದ್ದ ಅವರನ್ನು ನಾವೆಲ್ಲರೂ ಕಂಡಿದ್ದೇವೆ.

ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ನೀರಿನದು. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವಾಗ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳನ್ನು ಕಂಡ ಅವರು, ಯಾವ ಮನೆಯವರು ಯಾವ ಕೊಳವೆಬಾವಿಯ ನೀರು ಕುಡಿಯುತ್ತಾರೆಂದು ತಮ್ಮ ಡೈರಿಯಲ್ಲಿ ಒಂದೊಂದಾಗಿ ಬರೆದುಕೊಂಡು, ಅದನ್ನು ಗ್ರಾಮ ಆರೋಗ್ಯ ಸಮಿತಿಯ ಮುಂದಿಟ್ಟರು. ನಮ್ಮ ಮುಂಡರಗಿ ಭಾಗದ ಅಂತರ್ಜಲದಲ್ಲಿ ಹಲ್ಲಿಗೆ ಇಂಥ ಪಟ್ಟಿ ತರುವ ಫ್ಲೋರೈಡ್ ಎಂಬ ಲವಣಾಂಶ ಇರುವುದು ಹೊಸ ಸಂಗತಿಯಲ್ಲ. ಆದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಷ್ಟೇ ಅಲ್ಲ, ಮೂಳೆ, ಕೀಲುಗಳೂ ಕೆಡಬಹುದೆಂದು, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂದು ನಮ್ಮ ತಾಯಂದಿರಿಗೆ ಕಟ್ಟೆಯ ಮೇಲೆ ಕೂತು ತಿಳಿಸಿದವರು ಅವರೇ. ನಮ್ಮ ತಾಯಿಯವರೂ ಅಲ್ಲಿಯವರೆಗೆ ಕಾಯಿಸಿದ ನೀರನ್ನೇ ನಂಬಿದ್ದರು.

ಹಾರ, ಶಾಲು ಬೇಡವೆಂದು ಸಿಸ್ಟರ್ ಹೇಳಿದ್ದಾರೆ. ಹಿಂದಿನ ಎರಡು ಓಣಿಗಳಿಗೆ ಶುದ್ಧ ಕುಡಿಯುವ ನೀರು ಒದಗಿಸಬೇಕೆಂಬ ಅರ್ಜಿಗೆ ಪ್ರತಿ ಮನೆಯಿಂದ ಒಂದು ಸಹಿ ಬೇಕೆಂಬುದೇ ಅವರ ಕೋರಿಕೆ. ಆದ್ದರಿಂದ ಬರುವ ಗುರುವಾರ ಬೆಳಿಗ್ಗೆ 10 ಗಂಟೆಗೆ ಉಪಕೇಂದ್ರದ ಎದುರು ಎಲ್ಲರೂ ಸೇರಬೇಕಾಗಿ ವಿನಂತಿ. ಹೊಲದ ಕೆಲಸವಿದ್ದವರು ಬುಧವಾರ ಸಂಜೆಯೇ ನಮ್ಮ ಮನೆಗೆ ಬಂದು ಸಹಿ ಮಾಡಬಹುದು.