ಸೀಟು ಬದಲಿಸಬೇಕಾದವಳು ನೀನಲ್ಲ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮ, ದೂರು ಕೊಟ್ಟರೆ ನನ್ನನ್ನೇ ಜಗಳಗಂಟಿ ಅಂತಾರೆ ಅಲ್ವಾ?" ಅಂದೆ. ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಬರೆಯಲು ಕೂತಿದ್ದೇನೆ. ಬಾಯಿಮಾತು ಮರೆತುಹೋಗುತ್ತದೆ, ಕಾಗದ ನಿನ್ನ ಹತ್ತಿರ ಉಳಿಯುತ್ತದೆ.

ಮೊದಲು ಲ್ಯಾಬಿನ ವಿಷಯ. ನಾಲ್ಕು ಜನರ ಗುಂಪು. ವರ್ನಿಯರ್ ಕ್ಯಾಲಿಪರ್ ಹಿಡಿಯುವವರು ಹುಡುಗರು, ರೀಡಿಂಗ್ ಬರೆದುಕೊಳ್ಳುವವಳು ನೀನು. "ನಿನ್ನ ಅಕ್ಷರ ಮುದ್ದಾಗಿದೆ, ನೀನೇ ಬರಿ" ಅಂತ ಮೇಷ್ಟ್ರು ಹೇಳುತ್ತಾರಂತೆ. ಕೇಳೋಕೆ ಹೊಗಳಿಕೆ ಥರ ಇದೆ. ಆದರೆ ಆರು ಪ್ರಯೋಗ ಮುಗಿದರೂ ಆ ಕ್ಯಾಲಿಪರ್‌ನ ಸ್ಕ್ರೂ ಎಷ್ಟು ಬಿಗಿ ಇರುತ್ತದೆ, ಎಲ್ಲಿ ಸಡಿಲ ಬಿಡಬೇಕು ಅನ್ನೋದು ನಿನ್ನ ಬೆರಳಿಗೆ ಗೊತ್ತಿಲ್ಲ. ಪರೀಕ್ಷೆಯ ದಿನ ಅದನ್ನು ನಿನ್ನ ಕೈಗೇ ಕೊಡುತ್ತಾರೆ, ಆಗ ಅಕ್ಷರ ಕೈ ಹಿಡಿಯುವುದಿಲ್ಲ. ಭೇದಭಾವ ಯಾವಾಗಲೂ ಬೈದುಕೊಂಡೇ ಬರುವುದಿಲ್ಲ ಪುಟ್ಟಿ. ಬೆನ್ನು ತಟ್ಟಿಕೊಂಡೂ ಬರುತ್ತದೆ. ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಹೊಳೆದೇ ಇಲ್ಲ, ಅಷ್ಟೇ. ನೇರವಾಗಿ ಹೋಗಿ, "ಸರ್, ಇನ್ನು ಮೇಲೆ ಸರದಿ ಪ್ರಕಾರ ಮಾಡೋಣ, ಒಂದು ವಾರ ನಾನು ಅಳೀತೀನಿ" ಅಂತ ಹೇಳು. ಇಷ್ಟರಲ್ಲೇ ಸರಿಹೋದರೂ ಹೋಯಿತು.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ರಗಳೆ ಅಂತ ಯಾರಾದರೂ ಅಂದರೆ ಕುಗ್ಗಬೇಡ. ಮಹಿಳೆಯರ ಮೇಲಿನ ತಾರತಮ್ಯ ಹೋಗಬೇಕು ಅಂತ ವಿಶ್ವಸಂಸ್ಥೆ 1979ರಲ್ಲಿ ಒಂದು ಒಡಂಬಡಿಕೆ ಮಾಡಿತು. ಅದರ 10ನೇ ವಿಧಿ ಪೂರ್ತಿ ಶಿಕ್ಷಣದ ಬಗ್ಗೆಯೇ ಇದೆ. ಒಂದೇ ಪಾಠ, ಒಂದೇ ಪರೀಕ್ಷೆ, ಒಂದೇ ಗುಣಮಟ್ಟದ ಸಲಕರಣೆ, ಆಟದಲ್ಲೂ ಅದೇ ಅವಕಾಶ. ಇದು ಗಂಡಿನ ಕೆಲಸ, ಇದು ಹೆಣ್ಣಿನ ಕೆಲಸ ಅನ್ನುವ ಹಳೇ ಕಲ್ಪನೆಯನ್ನು ಪಠ್ಯಪುಸ್ತಕದಿಂದಲೇ ತೆಗೆಯಬೇಕು ಅಂತಲೂ ಅದರಲ್ಲಿದೆ. ಅದಕ್ಕೂ ಮೊದಲು, 1960ರಲ್ಲೇ, ಯುನೆಸ್ಕೊ ಶಿಕ್ಷಣದಲ್ಲಿ ತಾರತಮ್ಯ ಬೇಡ ಅಂದಾಗ ಆ ಪಟ್ಟಿಯಲ್ಲಿ ಲಿಂಗವೂ ಇತ್ತು. ಲಿಂಗದ ಕಾರಣಕ್ಕೆ ಸರ್ಕಾರ ಯಾರಿಗೂ ತಾರತಮ್ಯ ಮಾಡಬಾರದು ಅಂತ ಭಾರತದ ಸಂವಿಧಾನದ 15ನೇ ವಿಧಿಯಲ್ಲೂ ಇದೆ. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳಲ್ಲಿ ಲಿಂಗಭೇದ ಮಾಡುವಂತಿಲ್ಲ ಅಂತ ಅಮೆರಿಕ 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ತಂದಿತು. ಇದನ್ನೆಲ್ಲ ನೀನು ಬಾಯಿಪಾಠ ಮಾಡಬೇಕಾಗಿಲ್ಲ. ನೀನು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ, ನಿನಗೆ ಬರಬೇಕಾದ್ದನ್ನು. ಅದು ಗೊತ್ತಿದ್ದರೆ ಕೇಳುವಾಗ ದನಿ ನಡುಗುವುದಿಲ್ಲ.

ಇನ್ನು ಹಿಂದಿನ ಬೆಂಚಿನ ಆ ಹುಡುಗನ ವಿಷಯ. ದಿನಾ ನಿನ್ನ ಮೈಯ ಬಗ್ಗೆ ಏನಾದರೂ ಅನ್ನುತ್ತಾನೆ. ಕ್ಲಾಸ್ ಟೀಚರಿಗೆ ಹೇಳಿದರೆ "ಹುಡುಗರು ಹಾಗೇ, ನೀನು ತಲೆ ಕೆಡಿಸ್ಕೋಬೇಡ, ಬೇಕಾದರೆ ಮುಂದಿನ ಬೆಂಚಿಗೆ ಬಾ" ಅಂದರು ಅಂದೆ. ಇದನ್ನು ಕೇಳಿದಾಗಲೇ ನನ್ನ ಹೊಟ್ಟೆಯಲ್ಲಿ ಸಂಕಟವಾಗಿದ್ದು.

ಅಮೆರಿಕದ ಒಂದು ಮೊಕದ್ದಮೆ ಹೇಳುತ್ತೇನೆ ಕೇಳು. ಐದನೇ ಕ್ಲಾಸಿನ ಒಂದು ಹುಡುಗಿ. ಪಕ್ಕದಲ್ಲಿ ಕೂರುವ ಹುಡುಗ ತಿಂಗಳುಗಟ್ಟಲೆ ಕೆಟ್ಟದಾಗಿ ಮಾತಾಡಿದ, ಮುಟ್ಟಲು ನೋಡಿದ. ಮಗು ಟೀಚರಿಗೆ ಹೇಳಿತು, ತಾಯಿಯೂ ಹೋಗಿ ಹೇಳಿದರು. ಅವನ ಪಕ್ಕದಿಂದ ಅವಳ ಸೀಟು ಬದಲಿಸಿ ಕೊಡಲಿಕ್ಕೇ ಶಾಲೆಗೆ ಮೂರು ತಿಂಗಳಿಗೂ ಜಾಸ್ತಿ ಹಿಡಿಯಿತು. ಚೆನ್ನಾಗಿ ಓದುತ್ತಿದ್ದ ಹುಡುಗಿಯ ಅಂಕ ಇಳಿದುಹೋಯಿತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಬ್ಬ ವಿದ್ಯಾರ್ಥಿ ಇನ್ನೊಬ್ಬರಿಗೆ ಕೊಡುವ ಲೈಂಗಿಕ ಕಿರುಕುಳ ತೀವ್ರವಾಗಿದ್ದು, ಅದು ಗೊತ್ತಿದ್ದೂ ಶಾಲೆ ಕೈ ಕಟ್ಟಿ ಕೂತರೆ ಶಾಲೆಯೇ ಹೊಣೆ ಹೊರಬೇಕಾಗುತ್ತದೆ ಅಂತ. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಒಪ್ಪಿದರು, ನಾಲ್ವರು ಒಪ್ಪಲಿಲ್ಲ. ಅಷ್ಟು ಕೂದಲೆಳೆಯಲ್ಲಿ ಗೆದ್ದ ಮಾತು ಅದು.

ಆ ಮೂರು ತಿಂಗಳು ಆ ಮಗು ಹೇಗೆ ಕೂತಿತ್ತೋ ಅಂತ ನೆನೆದರೆ ನನಗೆ ಬೇರೊಬ್ಬಳು ನೆನಪಾಗುತ್ತಾಳೆ. ನಾನು ಪಾಠ ಹೇಳುತ್ತಿದ್ದ ದಿನಗಳ ಮಾತು. ಎಂಟನೇ ಕ್ಲಾಸಿನ ಒಬ್ಬಳು ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತು, ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ನೀನು ಹೇಳಿದಂಥದ್ದನ್ನೇ ಹೇಳಿದಳು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, "ಪರೀಕ್ಷೆ ಹತ್ತಿರ ಇದೆ, ಸುಮ್ನೆ ಓದಿಕೋ" ಅಂದೆ. ಅವಳು ಮತ್ತೆ ಬಂದು ಹೇಳಲಿಲ್ಲ. ಗಣಿತ ಅಂದರೆ ಪ್ರಾಣ ಬಿಡುತ್ತಿದ್ದವಳು ಮೂಲೆಯ ಬೆಂಚಿಗೆ ಹೋದಳು, ಕೈ ಎತ್ತುವುದನ್ನು ನಿಲ್ಲಿಸಿದಳು, ಮುಂದಿನ ವರ್ಷ ಶಾಲೆಗೇ ಬರಲಿಲ್ಲ. ಅದೇ ಕಾರಣವೋ ಏನೋ, ನಾನು ವಿಚಾರಿಸಲೂ ಇಲ್ಲ. ವಿಚಾರಿಸಬೇಕಿತ್ತು. ನಿನಗೆ ಇಷ್ಟುದ್ದ ಬರೆಯುತ್ತಿರುವುದು ಅವಳಿಗೆ ಕೊಡದ ಉತ್ತರವನ್ನು.

ಹಾಗಾಗಿ ಕೇಳು. ಒಂದು ನೋಟ್‌ಬುಕ್ ಬೇರೆ ಇಡು. ಯಾವ ದಿನ, ಯಾವ ಪೀರಿಯಡ್, ಎಲ್ಲಿ, ಅವನು ಏನಂದ, ಹತ್ತಿರ ಯಾರಿದ್ದರು, ನೀನು ಯಾರಿಗೆ ಹೇಳಿದೆ, ಅವರು ಏನಂದರು. ಅವನು ಬಳಸಿದ ಮಾತನ್ನೇ ಬರಿ, ಬರೆಯಲು ನಾಚಿಕೆಯಾದರೂ. "ಕೆಟ್ಟದಾಗಿ ಮಾತಾಡಿದ" ಅಂತ ಬರೆದರೆ ಓದುವವರು ತಮಗೆ ಬೇಕಾದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಮೊಬೈಲಿಗೆ ಏನಾದರೂ ಕಳಿಸಿದ್ದರೆ ಸಿಟ್ಟಿನಲ್ಲಿ ಅಳಿಸಬೇಡ. ಆಮೇಲೆ ಅಪ್ಪ ಅಮ್ಮನ ಜೊತೆ ಹೋಗಿ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ದೂರು ಕೊಡು. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದೆ ಅಂತ ಸಹಿ, ತಾರೀಖು ಹಾಕಿಸಿಕೋ. ಯಾವಾಗ ಉತ್ತರ ಕೊಡುತ್ತೀರಿ ಅಂತ ಅಲ್ಲೇ ಕೇಳಿ. ಬಾಯಲ್ಲಿ ಹೇಳಿದ್ದನ್ನು "ನಮಗೆ ಗೊತ್ತೇ ಇರಲಿಲ್ಲ" ಅನ್ನಬಹುದು, ಸಹಿ ಹಾಕಿದ ಮೇಲೆ ಅನ್ನಲಾಗುವುದಿಲ್ಲ.

ಆ ಹುಡುಗನನ್ನೂ ಕರೆದು ಅವನ ಮಾತು ಕೇಳಲಿ. ಅದು ನ್ಯಾಯ, ಅದಕ್ಕೆ ನೀನು ಬೇಜಾರು ಮಾಡಿಕೊಳ್ಳಬಾರದು. ಆದರೆ ನಿನ್ನನ್ನು ಎಬ್ಬಿಸಿ ಮುಂದಿನ ಬೆಂಚಿಗೆ ಕೂರಿಸಿ "ಮುಗೀತು" ಅಂದರೆ ಒಪ್ಪಬೇಡ. ನೀನು ಈಗ ಕೂರುವುದು, ಕಪ್ಪು ಹಲಗೆ ಚೆನ್ನಾಗಿ ಕಾಣುತ್ತದೆ ಅಂತ ನೀನೇ ಆರಿಸಿಕೊಂಡ ಜಾಗ. ಏಳಬೇಕಾದವನು ಅವನು.

ಮಾತು ಬಿಟ್ಟು ಕೈ ಮುಂದೆ ಬಂತು ಅಂದರೆ, ಅವನಾಗಲಿ ಇನ್ಯಾರೇ ದೊಡ್ಡವರಾಗಲಿ, ನೋಟ್‌ಬುಕ್ಕು ಗೀಟ್‌ಬುಕ್ಕು ಅಂತ ಕಾಯಬೇಡ. ಅವತ್ತೇ ಅಮ್ಮನಿಗೆ ಹೇಳು, ಆಗದಿದ್ದರೆ ನನಗೆ ಹೇಳು, ಅರ್ಧರಾತ್ರಿಯಾದರೂ ಸರಿ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ ಹುಡುಗಿ ಎಲ್ಲರನ್ನೂ ಲೈಂಗಿಕ ದೌರ್ಜನ್ಯದಿಂದ ಕಾಯುತ್ತದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ ಅಂತ ಮುಚ್ಚಿಡುವಂತಿಲ್ಲ.

ಜಗಳಗಂಟಿ ಅಂತಾರೆ ಅನ್ನುವ ಭಯಕ್ಕೆ ಬರುತ್ತೇನೆ. ಅನ್ನಬಹುದು, ಪುಟ್ಟಿ. ಅನ್ನುವುದಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ದೂರು ಕೊಟ್ಟದ್ದಕ್ಕೆ ಅಂಕ ಕಡಿಮೆ ಮಾಡುವುದು, ತಂಡದಿಂದ ಬಿಡುವುದು ಇನ್ನೊಂದು ತಪ್ಪು. ಅಮೆರಿಕದಲ್ಲೇ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಒಬ್ಬರು, ನಮ್ಮ ಮಕ್ಕಳಿಗೆ ಹುಡುಗರ ತಂಡಕ್ಕೆ ಸಿಗುವಷ್ಟು ಹಣ, ಸಲಕರಣೆ ಸಿಗುತ್ತಿಲ್ಲ ಅಂತ ಕೇಳಿದ್ದಕ್ಕೆ ಕೋಚ್ ಕೆಲಸ ಕಳೆದುಕೊಂಡರು. ಹೀಗೆ ಸೇಡು ತೀರಿಸಿಕೊಳ್ಳುವುದೂ ಲಿಂಗಭೇದವೇ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ದೂರು ಕೊಟ್ಟ ಮೇಲೆ ಯಾರ ನಡವಳಿಕೆ ಹೇಗೆ ಬದಲಾಯಿತು ಅನ್ನೋದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡು.

ಇನ್ನೊಂದು ಹೇಳಲೇಬೇಕು, ಕೋಪ ಮಾಡಿಕೋಬೇಡ. ನಿನ್ನ ಕ್ಲಾಸಿನಲ್ಲಿ ಭರತನಾಟ್ಯ ಕಲಿಯುವ ಹುಡುಗ ಒಬ್ಬ ಇದ್ದಾನಲ್ಲ, ಅವನನ್ನು ಎಲ್ಲರೂ ಹೆಣ್ಣಿನ ಹೆಸರಿಟ್ಟು ಕರೆಯುತ್ತಾರೆ ಅಂತ ಹೇಳುವಾಗ ನೀನೂ ನಕ್ಕೆ. ಅವನಿಗೆ ಆಗುತ್ತಿರುವುದೂ ನಿನಗೆ ಆಗುತ್ತಿರುವುದೂ ಒಂದೇ ಬೇರಿನದು. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಅಂತ ಯಾರೋ ಗೆರೆ ಎಳೆದಿದ್ದಾರೆ, ದಾಟಿದವರಿಗೆ ಏಟು. ಗಂಡೂ ಅಲ್ಲ ಹೆಣ್ಣೂ ಅಲ್ಲ ಅಂತ ತಮ್ಮನ್ನು ಕಂಡುಕೊಂಡವರಿಗೆ ಆ ಏಟು ಇನ್ನೂ ಜೋರು. 2014ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಅವರನ್ನು ತೃತೀಯ ಲಿಂಗ ಅಂತ ಗುರುತಿಸಿ, 15ನೇ ವಿಧಿಯ ರಕ್ಷಣೆ ಅವರಿಗೂ ಇದೆ ಅಂದಿತು. ನಾಳೆ ಆ ಹುಡುಗನನ್ನು ಅವನ ಹೆಸರು ಹಿಡಿದೇ ಕೂಗು. ಬೇರೆಯವರಿಗೆ ಕೇಳಿಸುವ ಹಾಗೆ ಕೂಗು.

ದೂರಿನ ಕರಡು ಬರೆದ ಮೇಲೆ ಫೋಟೊ ತೆಗೆದು ನನಗೆ ಕಳಿಸು. ಕಾಗುಣಿತ ನೋಡಿಕೊಡುತ್ತೇನೆ, ವಿಷಯ ಮುಟ್ಟುವುದಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಹೋಗುವ ದಿನ ನಾನೂ ಬರಲೇನು? ನೀನು ಬೇಡ ಅಂದರೆ ಗೇಟಿನ ಹತ್ತಿರ ನಿಂತಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ